ಧೂಮಕೇತುವಿನ ಉದ್ದ ತಲೆ

ಲಿಂಗಸುಗೂರು
3 ಅಕ್ಟೋಬರ್ 2025

ಸಲ್ಮಾ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಬಹುದು. ಅಂಚೆಯವನನ್ನು ಹೇಗೆ ಬ್ಲಾಕ್ ಮಾಡುತ್ತಿ, ನೋಡೋಣ! ಅವನು ಮಸ್ಕಿಯಲ್ಲಿ ನಿಮ್ಮ ಬಾಗಿಲಿಗೆ ಬಂದು "ಸಲ್ಮಾ ಟೀಚರ್" ಅಂತ ಕೂಗಿದರೆ ಮೀರಾಬಿ ಚಾಚಿ ಲಕೋಟೆ ಇಸಿದುಕೊಳ್ಳುತ್ತಾಳೆ. ನೀನು ಓದಿ ಮುಗಿಸುವವರೆಗೂ ನಿನಗೆ ಚಹಾ ಕೊಡುವುದಿಲ್ಲ. ನಿಮ್ಮ ಅಮ್ಮಿ ನನ್ನ ಕಡೆ, ನೆನಪಿರಲಿ.

ಲಕೋಟೆಯೊಳಗೆ ಬನ್ನಿ ಎಲೆ ಇದೆ. ನಿನ್ನೆ ದಸರೆಗೆ ಓಣಿಯವರಿಗೆಲ್ಲ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಅಂದು ಬಂದೆ. ವರ್ಷವಿಡೀ ಮುಖ ತಿರುಗಿಸಿಕೊಂಡವರೂ ಬನ್ನಿ ಕೊಟ್ಟಾಗ ಮುಖ ನೋಡುತ್ತಾರೆ. ಆದ್ದರಿಂದ ಎಲೆ ಮೊದಲು, ಬೈಗುಳ ಆಮೇಲೆ. ಕನ್ನಡದಲ್ಲೇ ಬೈಯುತ್ತೇನೆ. ಸಿಂಧನೂರಿನ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತೆವು ನಿಜ, ಆದರೆ ಇಂಗ್ಲಿಷಿನಲ್ಲಿ ನಾನು ಜಗಳ ಬರೆದರೆ ಅದು ರಜೆ ಅರ್ಜಿಯ ಹಾಗೆ ಕಾಣುತ್ತದೆ.

ನಾನು ಮಾಡಿದ್ದೇನು? ಖುಷಿಯಿಂದ ಕುಣಿಯುತ್ತ ನಿನಗೆ ಆಂಡ್ರೊಮಿಡಾ ಗೆಲಾಕ್ಸಿಯ ಫೋಟೊ ಕಳಿಸಿದೆ. ನೀನು "ಇದನ್ನು ತೆಗೆದವರು ಯಾರು?" ಅಂತ ಕೇಳಿದಿ. ನಾನು ಸೋಫಾದ ಮೇಲೆ ಕೂತು ತೆಗೆದೆ, ಇನ್ನು ಮೇಲೆ ಆ ಕತ್ತೆ ಚಾಕರಿ ಬೇಡವೇ ಬೇಡ ಅಂದೆ. ಅಷ್ಟೇ! ಮರುದಿನ ನಿನ್ನ ಡಿಪಿ ಮಾಯ!

ಹೌದು, ಸೋಫಾದ ಮೇಲೆ ಕೂತಿದ್ದೆ. ನಮ್ಮವರು (ಹಾಗೆ ಬರೆಯುವಾಗ ಈಗಲೂ ನಗು ಬರುತ್ತದೆ ನೋಡು) ನನಗೆ ಸ್ಮಾರ್ಟ್ ಟೆಲಿಸ್ಕೋಪ್ ತರಿಸಿ ಕೊಟ್ಟಿದ್ದಾರೆ. ಸೀರೆ ಅಲ್ಲ, ಸರ ಅಲ್ಲ, ಟೆಲಿಸ್ಕೋಪ್! ಮದುವೆಗೆ ಮೊದಲು ಒಂದೇ ಒಂದು ಸಲ ನನಗೆ ನಕ್ಷತ್ರದ ಫೋಟೊ ಹುಚ್ಚು ಅಂತ ಹೇಳಿದ್ದೆ, ಅದನ್ನು ನೆನಪಿಟ್ಟುಕೊಂಡಿದ್ದಾರೆ. ಯಾವ ಗಂಡ ನೆನಪಿಡುತ್ತಾನೆ, ಹೇಳು? ಅದು ಎಷ್ಟು ಮುದ್ದಾಗಿದೆ ಅಂದರೆ ಚಹಾದ ಫ್ಲಾಸ್ಕಿಗಿಂತ ಸ್ವಲ್ಪ ದೊಡ್ಡದು. ಮಾಳಿಗೆಯ ಮೇಲೆ ಇಟ್ಟು ಬಂದರೆ ಆಯಿತು. ತಾನೇ ಕತ್ತೆತ್ತುತ್ತದೆ, ಸುತ್ತಲಿನ ನಕ್ಷತ್ರಗಳನ್ನು ನೋಡಿ ತಾನು ಎಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ, ಫೋಕಸ್ ಮಾಡಿಕೊಳ್ಳುತ್ತದೆ. ಹತ್ತು ಹತ್ತು ಸೆಕೆಂಡಿನ ಫೋಟೊ ತೆಗೆದು ಒಂದರ ಮೇಲೊಂದು ಹಾಸುತ್ತ ಹೋಗುತ್ತದೆ. ಕೆಳಗೆ ಹಾಲಿನಲ್ಲಿ ನಾವೆಲ್ಲ ಮಿರ್ಚಿ ತಿನ್ನುತ್ತ ಟಿವಿಯಲ್ಲಿ ಗೆಲಾಕ್ಸಿ ಮೂಡುವುದನ್ನು ನೋಡಿದೆವು. ಅತ್ತೆಮ್ಮ ಅಂತೂ ಧಾರಾವಾಹಿ ಬಿಟ್ಟು ಕೂತಿದ್ದರು!

ಇನ್ನು ನಮ್ಮ ಹಳೆಯ ಸಾಮಾನು. ನೀನೇ ನೆನಪು ಮಾಡಿಕೊ. ಆ ಉದ್ದನೆಯ ಕೊಳವೆ, ಅದನ್ನು ಹೊತ್ತು ನಕ್ಷತ್ರದ ಜೊತೆ ನಿಧಾನ ತಿರುಗುವ ಕಬ್ಬಿಣದ ಮೌಂಟು, ಅದರ ತೂಕ ಸರಿದೂಗಿಸಲು ನಿಮ್ಮ ಅಬ್ಬಾನ ಕಿರಾಣಿ ಅಂಗಡಿಯ ತೂಕದ ಕಲ್ಲು. ಮೌಂಟನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಬೇಕೆಂದರೆ ನಮ್ಮ ಸೀಮೆಯಲ್ಲಿ ಧ್ರುವ ಎಲ್ಲಿರುತ್ತದೆ? ರೈಸ್ ಮಿಲ್ಲಿನ ಚಿಮಣಿಯ ಹಿಂದೆ! ಅಷ್ಟು ಕೆಳಗೆ ಬಗ್ಗಿಸಿದರೆ ತೂಕದ ಸರಳು ಹೋಗಿ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತಿತ್ತು. ಕಟ್ಟಿಗೆ ತುಂಡು ಸಿಗಿಸಿ, ಅದು ಜಾರಿ, ಮತ್ತೆ ಸಿಗಿಸಿ, ಕುತ್ತಿಗೆ ಹಿಡಿದು, ಕೊನೆಗೆ ಫೋಟೊ ನೋಡಿದರೆ ನಕ್ಷತ್ರಗಳೆಲ್ಲ ಜೀರಿಗೆ ಕಾಳು. ಒಂದಾದರೂ ದುಂಡಗೆ ಬರಬಾರದೆ!

ನೋವಾದರೆ ಮಾತ್ರ ಫೋಟೊ ಖರೆ ಅಂತ ನಿನಗೆ ಯಾರು ಹೇಳಿದರು? ಒರಳಿನಲ್ಲಿ ರುಬ್ಬಿದರೆ ಮಾತ್ರ ಚಟ್ನಿ ಅನ್ನುವ ಮುದುಕಿಯರ ಹಾಗೆ ಆಡುತ್ತಿ. ಇಲ್ಲಿ ನನ್ನನ್ನು ಎಷ್ಟು ಜೋಪಾನ ಮಾಡುತ್ತಾರೆ ಗೊತ್ತೆ? ಮೊದಲ ದಿನ ನಾನು ಮಾಳಿಗೆಯ ಮೆಟ್ಟಿಲು ಹತ್ತಲು ಹೋದಾಗ ಅತ್ತೆಮ್ಮ ಕೈಹಿಡಿದು ಕೂಡಿಸಿದರು. "ಹೊಸ ಸೊಸಿ ಥಂಡ್ಯಾಗ ಒಬ್ಬಾಕಿ ಯಾಕ ನಿಂದ್ರಬೇಕ ಯವ್ವಾ? ಮಷಿನ್ ನಿಂದ್ರತೈತಿ ತಗೋ. ನೀ ಇಲ್ಲೇ ನನ್ನ ಬಾಜೂಕ ಕೂಡು" ಅಂದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ?

ಬನ್ನಿ ತೊಗೊ. ಬ್ಲಾಕ್ ತೆಗಿ.

ಸಿಟ್ಟಾದ, ಆದರೂ ನಿನ್ನವಳೇ ಆದ
ಅನುಪಮಾ


ಮಸ್ಕಿ
9 ಅಕ್ಟೋಬರ್ 2025

ಅನುಪಮಾ,

ಬನ್ನಿ ತಲುಪಿತು. ಚಹಾದ ವಿಷಯವೂ ನೀನು ಹೇಳಿದಂತೆಯೇ ಆಯಿತು.

ಬ್ಲಾಕ್ ತೆಗೆಯುವುದಿಲ್ಲ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಕಾಗದದಲ್ಲಿ ನನ್ನ ಸರದಿ ನನ್ನದೇ. ಹೀಗೇ ಇರಲಿ.

ಮಷಿನ್ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಶಾಲೆಗೆ ಯಾರಾದರೂ ಒಂದು ಕೊಟ್ಟರೆ ಡಬ್ಬಿ ಒಡೆಯುವವಳು ನಾನೇ. ಸಿಂಧನೂರಿನ ಗದ್ದೆಯ ಮಂಜು, ಮಿಲ್ಲಿನ ಹೊಟ್ಟಿನ ಧೂಳು, ಇವುಗಳ ನಡುವೆ ತಾಸು ಹೊತ್ತು ಆಕಾಶ ಸಿಕ್ಕರೆ ನಾವು ಮುಕ್ಕಾಲು ತಾಸು ಧ್ರುವನನ್ನು ಹುಡುಕುವುದರಲ್ಲೇ ಕಳೆಯುತ್ತಿದ್ದೆವು. ಅದನ್ನು ನಾನೂ ಮರೆತಿಲ್ಲ. ನಿನ್ನ ಗೆಲಾಕ್ಸಿಯನ್ನು ದೊಡ್ಡದು ಮಾಡಿ ನೋಡಿದೆ. ಚೆನ್ನಾಗಿದೆ. ಸ್ವಲ್ಪ ಇಸ್ತ್ರಿ ಹೊಡೆದ ಹಾಗಿದೆ, ಒಳಗಿನ ಧೂಳಿನ ಪಟ್ಟಿಗಳೆಲ್ಲ ನುಣ್ಣಗಾಗಿವೆ. ನಮ್ಮ ಹಳೆಯ ಫೋಟೊ ಗಲೀಜಾಗಿತ್ತು, ಆದರೆ ಯಾವ ಗಲೀಜು ಎಲ್ಲಿಂದ ಬಂತು ಅಂತ ನಮಗೆ ಗೊತ್ತಿತ್ತು. ಅದನ್ನು ನೀನು ಕತ್ತೆ ಚಾಕರಿ ಅಂದಿ. ಆ ಚಾಕರಿಯಲ್ಲಿ ಇನ್ನೊಂದು ಕತ್ತೆ ನಾನೇ ಇದ್ದೆ. ತೂಕದ ಕಲ್ಲು ಹೊತ್ತು ಮೆಟ್ಟಿಲು ಹತ್ತುತ್ತಿದ್ದದ್ದು ಯಾರು?

ಅದಿರಲಿ. ನಿನ್ನ ಫೋಟೊದ ಕೆಳಗಿನ ಮೂಲೆಯನ್ನು ನೋಡಿದ್ದೀಯಾ? ಸಣ್ಣ ಬಿಳಿ ಅಕ್ಷರದಲ್ಲಿ "ಗುರುಬಸವ, ಲಿಂಗಸುಗೂರು" ಅಂತಿದೆ. ತೆಗೆದವರು ಯಾರು ಅಂತ ನಾನು ಕೇಳಿದ್ದು ಅದಕ್ಕೆ. ನೀನು ನನಗೆ ಸೋಫಾದ ಕಥೆ ಹೇಳಿದಿ. ಆ ಗೆಲಾಕ್ಸಿ ಆಕಾಶದಲ್ಲಿ ಯಾವ ದಿಕ್ಕಿಗಿದೆ ಅಂತ ನಿಮ್ಮವರನ್ನು ಕೇಳಿ ನೋಡು. ಬರಿಗಣ್ಣಿಗೆ ತೋರಿಸಲಿ.

ಈ ತಿಂಗಳು ಹೊತ್ತು ಮುಳುಗಿದ ಮೇಲೆ ಪಶ್ಚಿಮದಲ್ಲಿ ಸ್ವಲ್ಪ ಹೊತ್ತು ಧೂಮಕೇತು ಸಿಗುತ್ತದೆ. ನೀನು ಮೊದಲ ದೀಪಾವಳಿಗೆ ತವರಿಗೆ ಬರುವವಳು. ಪಾಡ್ಯದ ಸಂಜೆ ನಾನು ಇಲ್ಲಿನ ಗುಡ್ಡದ ಮೇಲೆ ಮೌಂಟು ಹೂಡಿಕೊಂಡು ಕೂತಿರುತ್ತೇನೆ. ಪಶ್ಚಿಮಕ್ಕೆ ಏನೂ ಅಡ್ಡವಿಲ್ಲ. ನಿನ್ನ ಮಷಿನ್ನನ್ನೂ ತಾ. ಪಕ್ಕ ಪಕ್ಕ ಇಟ್ಟು ನೋಡೋಣ. ಸಿಂಧನೂರಿನಿಂದ ಬಸ್ಸು ಬೇಕಾದಷ್ಟಿವೆ.

ಕಾಯುತ್ತೇನೆ.

ಸಲ್ಮಾ


ಲಿಂಗಸುಗೂರು
14 ಅಕ್ಟೋಬರ್ 2025

ಸಲ್ಮಾ,

ಮೂಲೆಯಲ್ಲಿ ನನ್ನ ಗಂಡನ ಹೆಸರಿದ್ದರೆ ನಿನಗೇಕೆ ಹೊಟ್ಟೆ ಉರಿಯಬೇಕು? ಡಬ್ಬಿ ತೆರೆದ ದಿನ ಅವರ ಫೋನಿನಲ್ಲಿ ಆ್ಯಪ್ ಹಾಕಿದೆವು, ಅಷ್ಟೇ. ನನ್ನ ಫೋನಿನಲ್ಲಿ ಜಾಗ ಎಲ್ಲಿದೆ? ಪೂರ್ತಿ ಮದುವೆ ಫೋಟೊ! ಅರಿಶಿನದ್ದೇ ನಾಲ್ಕು ನೂರು ಇರಬೇಕು, ಒಂದನ್ನೂ ಅಳಿಸಲು ಮನಸ್ಸು ಬರುವುದಿಲ್ಲ. ಆ್ಯಪ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರನ್ನು ಫೋಟೊದ ಮೇಲೆ ಒತ್ತುತ್ತದೆ. ಇಷ್ಟು ಸಣ್ಣ ವಿಷಯ.

ಆದರೂ ನಿನ್ನ ಪತ್ರ ಓದಿದ ಮೇಲೆ ಊಟಕ್ಕೆ ಕೂತಾಗ ಅವರನ್ನು ಕೇಳಿದೆ. "ರೀ, ಆ ಹೆಸರು ಬದಲಾಯಿಸೂಣೇನ್ರೀ?"

ಅವರು ನಕ್ಕರು. ಅವರು ನಕ್ಕರೆ ಮೀಸೆ ಹೇಗೆ ಮೇಲಕ್ಕೆ ಹೋಗುತ್ತದೆ ಅಂತ ನಿನಗೆ ಗೊತ್ತಿಲ್ಲ. "ಏನ ಅನು, ನಿಂದು ನಂದು ಅಂತ ಬ್ಯಾರೆ ಐತೇನ?"

"ಇಲ್ಲರೀ. ಬ್ಯಾರೆ ಇಲ್ಲಂದ ಮ್ಯಾಲೆ ನನ್ನ ಹೆಸರ ಹಾಕ್ರಿ."

"ಹಾಕೂಣ ತಗೋ, ಅವಸರ ಏನೈತಿ. ನಮ್ಮ ಮ್ಯಾನೇಜರ್ ಸಾಹೇಬ್ರು ಆ ಫೋಟೊ ದೊಡ್ಡದ ಮಾಡಿಸಿ ಬ್ಯಾಂಕಿನಾಗ ಹಾಕ್ಯಾರ. ಈಗ ಹೆಸರ ಬದ್ಲಿ ಆತಂದ್ರ ಏನಂತಾರ?"

ಅತ್ತೆಮ್ಮ ನನ್ನ ತಟ್ಟೆಗೆ ತುಪ್ಪ ಹಾಕಿದರು. ಮಾತು ಅಲ್ಲಿಗೆ ನಿಂತಿತು. ಬ್ಯಾಂಕಿನಲ್ಲಿ ಆ ಫೋಟೊ ತೂಗು ಹಾಕಿದ್ದು ನನಗೆ ಗೊತ್ತೇ ಇರಲಿಲ್ಲ.

ನೀನು ಕೇಳಿದ ಇನ್ನೊಂದು ಪ್ರಶ್ನೆಯನ್ನು ಅವರಿಗೆ ಕೇಳಲಿಲ್ಲ. ಕೇಳುವುದೂ ಇಲ್ಲ.

ಪಾಡ್ಯದ ಸಂಜೆ ಬರುತ್ತೇನೆ. ಖಂಡಿತ! ಅವರೂ "ಹೋಗೂಣ" ಅಂದಿದ್ದಾರೆ. ನನ್ನ ಮುದ್ದು ಮಷಿನ್ ನಿನ್ನ ಕಬ್ಬಿಣದ ಒಂಟೆಯನ್ನು ಹೇಗೆ ಸೋಲಿಸುತ್ತದೆ ನೋಡುತ್ತಿರು. ಚಾಚಿಗೆ ಹೇಳು, ಈ ಸಲ ಚಹಾಕ್ಕೆ ಶುಂಠಿ ಹೆಚ್ಚು ಹಾಕಲಿ.

ಅವಸರದಲ್ಲಿ,
ಅನು


ಸಿಂಧನೂರು
23 ಅಕ್ಟೋಬರ್ 2025

ಸಲ್ಮಾ,

ಬೈ. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಮುಂದೆ ಓದು.

ನಿನ್ನೆ ಮಧ್ಯಾಹ್ನವೇ ಚೀಲ ತುಂಬಿ ಇಟ್ಟಿದ್ದೆ. ಅಪ್ಪ ಚೀಲ ನೋಡಿ, "ಅಳಿಯಂದಿರು ಮೊದಲ ಹಬ್ಬಕ್ಕ ಬಂದಾರ, ಗುಡ್ಡಾ ಹತ್ತಾಕ ಕಳಸ್ತೀಯೇನ ಅವರನ್ನ?" ಅಂದ. ನಾನು ಒಬ್ಬಳೇ ಹೋಗಿಬರುತ್ತೇನೆ ಅಂದೆ. ಆಗ ಎಲ್ಲರೂ ಸೇರಿ ನಕ್ಕರು, ಸಲ್ಮಾ. ನಾನೇನೋ ಹಾಸ್ಯ ಮಾಡಿದ ಹಾಗೆ. ಅಷ್ಟರಲ್ಲಿ ಅಪ್ಪ ಓಣಿಗೆಲ್ಲ ಸಾರಿ ಬಂದಿದ್ದ: ಆದೆಪ್ಪನ ಅಳಿಯ ಮಾಳಿಗೆಯ ಮೇಲೆ ಧೂಮಕೇತು ತೋರಿಸುತ್ತಾನೆ!

ನಮ್ಮ ಮಾಳಿಗೆ ನಿನಗೆ ಗೊತ್ತಲ್ಲ, ನಾವಿಬ್ಬರೂ ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ ಮೌಂಟು ಹೂಡುತ್ತಿದ್ದ ಜಾಗ. ಅಲ್ಲಿ ಹತ್ತಿಪ್ಪತ್ತು ಕುರ್ಚಿ. ನಡುವೆ ಮಷಿನ್. ಅದರ ಪಕ್ಕ ಹೊಸ ಅಂಗಿ ತೊಟ್ಟು ಫೋನ್ ಹಿಡಿದ ನನ್ನ ಗಂಡ. ನಾನು ಚಹಾದ ಪರಾತ ಹಿಡಿದು ಮೆಟ್ಟಿಲಲ್ಲಿ.

ಮಷಿನ್ ಪಟಾಕಿ ಹೊಗೆಯನ್ನು ಸೀಳಿ ಧೂಮಕೇತುವನ್ನು ಹಿಡಿಯಿತು, ಸುಳ್ಳು ಹೇಳುವುದಿಲ್ಲ. ಎಲ್ಲರೂ ಫೋನಿನ ಮೇಲೆ ಬಾಗಿದರು. ಬಾಜೂ ಮನೆಯ ರಹಿಮಾನ್ ಕಾಕಾ ಕೇಳಿದ: "ಅಲ್ರೀ ಅಳಿಯಂದಿರ, ಬಾಲ ಯಾಕ ಮ್ಯಾಲಕ ಐತಿ?"

ಇವರು ಅಂದರು: "ಮೋಟರ್‌ಸೈಕಲ್ ಹಿಂದ ಧೂಳ ಏಳಂಗಿಲ್ಲೇನ್ರೀ, ಹಂಗ. ಕೆಳಗ ಓಡಾಕತ್ತೈತಿ, ಬಾಲ ಹಿಂದ ಉಳದೈತಿ."

ನನಗೆ ತಡೆಯಲಾಗಲಿಲ್ಲ. "ಹಂಗಲ್ಲ ಕಾಕಾ. ಅದು ಯಾವ ಕಡೆ ಓಡಿದ್ರೂ ಬಾಲ ಸೂರ್ಯಗ ಬೆನ್ನ ಮಾಡೇ ಇರತೈತಿ. ಈಗ ಸೂರ್ಯ ಕೆಳಗ ಮುಳಗ್ಯಾನಲ್ಲ, ಅದಕ್ಕ ಬಾಲ ಮ್ಯಾಲಕ ಐತಿ."

ಕಾಕಾ ಅಪ್ಪನ ಕಡೆ ತಿರುಗಿ, "ಲೇ ಆದೆಪ್ಪ, ನಿನ್ನ ಮಗಳು ಟ್ಯೂಷನ್ ಚಾಲೂ ಮಾಡಿದ್ಲು ನೋಡಲೇ!" ಅಂದ. ಹೋ ಅಂತ ನಗು. ಇವರೂ ನಕ್ಕರು. "ಚಹಾ ಆರಾಕತ್ತೈತಿ ಯವ್ವಾ" ಅಂತ ಯಾರೋ ಅಂದರು.

ಕೊಟ್ಟೆ. ಚಹಾ ಕೊಟ್ಟೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಷಿನ್ ನಕ್ಷತ್ರಗಳ ಮೇಲೆ ನಕ್ಷತ್ರ ಕೂಡುವ ಹಾಗೆ ಫೋಟೊಗಳನ್ನು ಹಾಸುತ್ತದೆ. ಧೂಮಕೇತು ನಕ್ಷತ್ರದಂತೆ ಒಂದೇ ಕಡೆ ನಿಲ್ಲುವುದಿಲ್ಲ, ಕ್ಷಣಕ್ಷಣಕ್ಕೂ ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ನಿಲ್ಲಿಸಬೇಕು. ಇಲ್ಲದಿದ್ದರೆ ಅದರ ಒಂದು ತಲೆಯ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು ಕೂತು ಎಲ್ಲ ಉದ್ದಕ್ಕೆ ಎಳೆದ ಹಾಗೆ ಬರುತ್ತದೆ. ನಾನು ಮೆಟ್ಟಿಲಿನಿಂದಲೇ ಕೂಗಿದೆ: "ನಿಲ್ಲಿಸ್ರಿ! ತಲಿ ಉದ್ದ ಆಗಾಕತ್ತೈತಿ!"

"ತಡಿ ಅನು. ಬಣ್ಣ ಈಗ ಬರಾಕತ್ತೈತಿ. ಹೆಚ್ಚು ಬಿಟ್ಟಷ್ಟು ಚೊಲೊ."

ಬಿಟ್ಟರು. ಧೂಮಕೇತುವಿನ ತಲೆ ಶೇಂಗಾಕಾಯಿಯ ಹಾಗೆ ಉದ್ದವಾಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಒಮ್ಮೆಯೂ ತಲೆಯೆತ್ತಿ ಆಕಾಶ ನೋಡಲಿಲ್ಲ, ಸಲ್ಮಾ. ಕಪ್ಪು ತೊಳೆದು ಮೇಲೆ ಬರುವಷ್ಟರಲ್ಲಿ ಅದು ಮುಳುಗಿತ್ತು. ಇಷ್ಟು ದಿನ ಕಾದ ಧೂಮಕೇತುವನ್ನು ನಾನು ಬರಿಗಣ್ಣಿನಿಂದ ನೋಡಲೇ ಇಲ್ಲ.

ನೀನು ಎಷ್ಟು ಹೊತ್ತು ಕಾದಿ?

ಅನುಪಮಾ


ಮಸ್ಕಿ
1 ನವೆಂಬರ್ 2025

ಅನು,

ಕತ್ತಲಾಗುವವರೆಗೂ ಬಸ್‌ಸ್ಟ್ಯಾಂಡಿನ ರಸ್ತೆ ನೋಡಿದೆ. ಆಮೇಲೆ ಧೂಮಕೇತು ನೋಡಿದೆ. ಅಮ್ಮಿ ಬಂಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು, "ಆ ಹುಡುಗಿ ಬರಂಗಿಲ್ಲ ಬೇ, ಹೊಸ ಲಗ್ನ, ಆಕೀಗಿ ಬ್ಯಾರೆ ಚಂದ್ರ ಸಿಕ್ಕಾನ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಈಗ ನಿನ್ನ ಪತ್ರ ಓದಿ ಅಮ್ಮಿಗೂ ನಗು ಬರುತ್ತಿಲ್ಲ.

ನನ್ನ ಫೋಟೊ ಇದರ ಜೊತೆ ಇಟ್ಟಿದ್ದೇನೆ. ಸರಳು ಎಂದಿನಂತೆ ಸ್ಟ್ಯಾಂಡಿಗೆ ಬಡಿಯಿತು. ಚಲೋ ಬಂದದ್ದು ಒಂದೇ ಒಂದು. ತಲೆ ದುಂಡಗಿದೆ. ಬಾಲ ಮಾತ್ರ ಮೋಟು. ನಿಮ್ಮ ಮಷಿನ್ನಿನ ಬಾಲ ನನ್ನದರ ಎರಡು ಪಟ್ಟು ಉದ್ದ ಬಂದಿದೆ. ನೋಡಿ ಹೊಟ್ಟೆ ಉರಿಯಿತು. ಒಪ್ಪಿಕೊಂಡೆ.

ಹೇಗೆ ನೋಡಿದೆ ಅನ್ನುತ್ತೀಯಾ? ಪೇಪರಿನಲ್ಲಿ. "ಉದ್ದ ತಲೆಯ ಅಪರೂಪದ ಧೂಮಕೇತು ಸೆರೆಹಿಡಿದ ಬ್ಯಾಂಕ್ ನೌಕರ." ನಮ್ಮ ಹೆಡ್‌ಮಾಸ್ಟರು ಅದನ್ನು ಕತ್ತರಿಸಿ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿದ್ದಾರೆ. ಒಂಬತ್ತನೇ ತರಗತಿಯ ಮಕ್ಕಳು ತಲೆ ಯಾಕೆ ಉದ್ದ ಅಂತ ಕೇಳಿದರು. ಅದು ಉದ್ದವಿಲ್ಲ, ಫೋಟೊ ತೆಗೆದವರ ತಪ್ಪು ಅಂದೆ. ಸಂಜೆ ಹೆಡ್‌ಮಾಸ್ಟರು ಕರೆದು, "ಪೇಪರಿನಾಗ ಬಂದೈತಿ ಟೀಚರ್. ಅವರಿಗೆ ಗೊತ್ತಿರಂಗಿಲ್ಲೇನು? ಮಕ್ಕಳ ಮುಂದ ಹಂಗ ಹೇಳಬ್ಯಾಡ್ರಿ" ಅಂದರು. ನಾನು ನನ್ನ ಫೋಟೊ ತೋರಿಸಿದೆ. "ಇದು ಹಳೇ ಟೆಲಿಸ್ಕೋಪಿಂದಲ್ರಿ? ಅದಕ್ಕ ಸಣ್ಣ ಕಂಡೈತಿ. ಅವರದು ಸ್ಮಾರ್ಟ್" ಅಂದರು!

ಏಳೆಂಟು ವರ್ಷ ಈ ಕಬ್ಬಿಣ ಹೊತ್ತವಳು ನಾನು. ನನಗೆ ಸ್ಮಾರ್ಟ್ ಅನ್ನುವ ಪದದಿಂದ ಪಾಠ ಮಾಡಿದರು. ಮಕ್ಕಳು ಪರೀಕ್ಷೆಯಲ್ಲಿ ಉದ್ದ ತಲೆ ಅಂತಲೇ ಬರೆಯುತ್ತಾರೆ.

ನಾನು ಹೇಳಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಆ ಮಾಳಿಗೆಯ ಮೇಲೆ ನಿಂತು ನೋಡಿದವಳು, ನಿಲ್ಲಿಸಿರಿ ಅಂದವಳು ನೀನು. ನೀನು ಹೇಳುತ್ತಿಯೋ ಇಲ್ಲವೋ, ನನಗೆ ಅಷ್ಟೇ ತಿಳಿಯಬೇಕು.

ಸಲ್ಮಾ


ಲಿಂಗಸುಗೂರು
11 ನವೆಂಬರ್ 2025

ಸಲ್ಮಾ,

ನಿನ್ನ ಹೆಡ್‌ಮಾಸ್ಟರಿಗಿಂತ ದೊಡ್ಡದನ್ನು ಹೇಳುತ್ತೇನೆ, ಕೇಳು. ಇಲ್ಲಿನ ವಿಜ್ಞಾನ ಕೂಟದವರು ಇವರನ್ನು ಭಾಷಣಕ್ಕೆ ಕರೆದಿದ್ದಾರೆ. ಇದೇ 23ರ ಭಾನುವಾರ ಸಂಜೆ. ವಿಷಯ: ಸ್ಮಾರ್ಟ್ ಟೆಲಿಸ್ಕೋಪ್ ಮೇಲೋ, ಹಳೆಯ ಸಾಮಾನು ಮೇಲೋ, ಮತ್ತು ಉದ್ದ ತಲೆಯ ಧೂಮಕೇತುವಿನ ರಹಸ್ಯ. ರಹಸ್ಯವಂತೆ!

ಇವರು ಆಮಂತ್ರಣ ಹಿಡಿದುಕೊಂಡು ನೇರ ಅಡುಗೆ ಮನೆಗೆ ಬಂದರು. "ಅನು, ಒಂದೆರಡು ಪುಟ ಬರದು ಕೊಡು. ನಿನಗ ಇದೆಲ್ಲಾ ಗೊತ್ತೈತಲ್ಲ. ತಲಿ ಯಾಕ ಉದ್ದ ಐತಿ ಅಂತನೂ ಬರಿ, ಕೇಳೇ ಕೇಳ್ತಾರ."

ನಾನು ಹಿಟ್ಟಿನ ಕೈಯಲ್ಲೇ ತಿರುಗಿ ನಿಂತೆ. "ನೀವು ನಿಲ್ಲಿಸಲಿಲ್ಲ, ಅದಕ್ಕ ಉದ್ದ ಐತಿ. ಅದನ್ನ ಬರೀಲೇನ್ರೀ?"

"ಹಂಗ ಬರದ್ರ ಹೆಂಗ? ಪೇಪರಿನಾಗ ಬಂದು ಹೋಗೇತಿ. ಏನರೆ ಸೈಂಟಿಫಿಕ್ ಬರಿ."

ಇವರು ನನ್ನ ಮೂಗಿಗೆ ಹತ್ತಿದ ಹಿಟ್ಟು ಒರೆಸಿ ನಗುತ್ತ ಹೋದರು. ಇದು, ಇದೇ ನೋಡು ನನಗೆ ತಡೆಯಲಾಗದ್ದು! ಗದರಿಸುವವರಾಗಿದ್ದರೆ ತಿರುಗಿ ಗದರಿಸಬಹುದಿತ್ತು. ಆ ಸಂಜೆ ನಾನು ಹಟ ಹಿಡಿದು ಮಾಳಿಗೆ ಹತ್ತಿದೆ. ಅತ್ತೆಮ್ಮ ಮೊಣಕಾಲು ನೋವಿನಲ್ಲೂ ಶಾಲು ಹಿಡಿದು ಹಿಂದೆಯೇ ಬಂದರು. "ಏನ ಕಡಿಮಿ ಮಾಡೀವಿ ಯವ್ವಾ ನಿನಗ? ಆಡಿಕೊಳ್ಳಾಕ ಮಷಿನ್ ತಂದ ಕೊಟ್ಟಾನ, ಕೂಡಾಕ ಮಂಚ ಐತಿ. ಕೆಳಗ ಬಾ" ಅಂದರು. ನನ್ನ ಕೆನ್ನೆ ಸವರಿದರು. ಏನು ಕಡಿಮೆ ಅಂತ ಹೇಳಲಿ? ಬಾಯಿಗೆ ಬೆಲ್ಲ ಇಟ್ಟವರನ್ನು ಅದೇ ಬಾಯಿಂದ ಬೈಯುವುದು ಹೇಗೆ? ಕೆಳಗಿಳಿದೆ.

ಆಡಿಕೊಳ್ಳಲು ಅಂದರು, ಸಲ್ಮಾ. ಅವರಿಗೆಲ್ಲ ಅದು ನನ್ನ ಕೈಗೆ ಕೊಟ್ಟ ಗಿಲಕಿ. ಫೋಟೊ ಬಂದಾಗ ಮಾತ್ರ ಅದು ಇವರ ಸಾಧನೆ!

ಈ ಮಷಿನ್ನನ್ನು ಮಾಳಿಗೆಯಿಂದ ಎತ್ತಿ ಒಗೆಯಬೇಕು ಅನಿಸುತ್ತದೆ. ಅದು ಬಂದಿದ್ದೇ ನನ್ನನ್ನು ಕೆಳಗೆ ಕೂಡಿಸಲು. ನೀನು ಹೇಳಿದ್ದು ಸರಿ. ನಮ್ಮ ಹಳೆಯ ಕಬ್ಬಿಣವೇ ಸರಿ. ಅದನ್ನು ಸೋಫಾದ ಮೇಲಿನಿಂದ ನಡೆಸಲು ಯಾರಿಗೂ ಆಗುತ್ತಿರಲಿಲ್ಲ.

ಅನುಪಮಾ


ಮಸ್ಕಿ
15 ನವೆಂಬರ್ 2025

ಅನು,

ನಾನು ಯಾವಾಗ ಹಾಗೆ ಹೇಳಿದೆ? ನನ್ನ ಬಾಯಲ್ಲಿ ನಿನ್ನ ಮಾತು ಇಡಬೇಡ. ಮಷಿನ್ ಒಗೆದರೆ ನಾನು ಅಂಚೆಯವನನ್ನೂ ಬ್ಲಾಕ್ ಮಾಡುತ್ತೇನೆ. ಅದು ಏನು ಮಾಡಿತು ಪಾಪ? ಫೋನ್ ಯಾರ ಕೈಯಲ್ಲಿದೆಯೋ ಅವರು ಹೇಳಿದ್ದನ್ನು ಮಾಡಿತು. ನಮ್ಮ ಕಬ್ಬಿಣವನ್ನು ಒಬ್ಬ ಮ್ಯಾನೇಜರ್ ಸಾಹೇಬರ ಕೈಗೆ ಕೊಟ್ಟಿದ್ದರೂ ಇದೇ ಆಗುತ್ತಿತ್ತು, ಸ್ವಲ್ಪ ತಡವಾಗಿ.

ಮದುವೆ ಫೋಟೊ ಅಳಿಸು. ಅರಿಶಿನದ್ದೇ ಮುನ್ನೂರು ಅಳಿಸಬಹುದು. ಮಷಿನ್ ಚೀಲಕ್ಕೆ ಹಾಕಿಕೊಂಡು ಬಾ. ಅಮಾವಾಸ್ಯೆ ಹತ್ತಿರ ಬಂತು, ಹೊತ್ತು ಮುಳುಗಿದ ಕೂಡಲೇ ಕತ್ತಲಾಗುತ್ತದೆ. ಕೇಳಿಕೊಂಡು ಬರಬೇಡ. ಹೇಳಿ ಬಾ.

ಸಲ್ಮಾ


ಮಸ್ಕಿ
20 ನವೆಂಬರ್ 2025

ರೀ,

ಇದು ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ. ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಯಾಕೆ ಅನ್ನುತ್ತೀರಿ. ಎದುರಿಗೆ ಮಾತಾಡಿದರೆ ನೀವು ನಡುವೆ ನಗುತ್ತೀರಿ, ನಿಮ್ಮ ಮೀಸೆ ಮೇಲೆ ಹೋಗುತ್ತದೆ, ನನ್ನ ಅರ್ಧ ಸಿಟ್ಟು ಇಳಿದುಬಿಡುತ್ತದೆ. ಈ ಸಲ ಪೂರ್ತಿ ಸಿಟ್ಟು ನಿಮಗೆ ತಲುಪಬೇಕು. ಸಲ್ಮಾಳ ಅಣ್ಣ ಮಂಜೂರ್ ಭಾಯಿ ನಾಳೆ ಲಿಂಗಸುಗೂರಿಗೆ ಬರುತ್ತಾನೆ, ಬ್ಯಾಂಕಿಗೇ ಬಂದು ನಿಮ್ಮ ಕೈಗೆ ಕೊಡುತ್ತಾನೆ.

ನೀವು ಕೇಳಿದ ಎರಡು ಪುಟ ಇವೇ.

ನಿನ್ನೆ ಸಂಜೆ ಇಲ್ಲಿನ ಗುಡ್ಡದ ಮೇಲೆ ನಮ್ಮ ಮಷಿನ್ನನ್ನೂ ಹಳೆಯ ಟೆಲಿಸ್ಕೋಪನ್ನೂ ಪಕ್ಕ ಪಕ್ಕ ಇಟ್ಟೆವು. ಎರಡಕ್ಕೂ ಒಂದೇ ಗುರಿ, ಕೃತ್ತಿಕೆಯ ನಕ್ಷತ್ರಗಳು. ಸಲ್ಮಾ ಇನ್ನೂ ಸರಳಿಗೆ ತೂಕದ ಕಲ್ಲು ಸಿಗಿಸುತ್ತಿದ್ದಾಗಲೇ ಮಷಿನ್ ಫೋಟೊ ಕೊಡಲು ಶುರು ಮಾಡಿತ್ತು. ಮೀರಾಬಿ ಚಾಚಿ ಅದನ್ನು ನೋಡಿ "ಅರೆ, ಇದು ಭಾಳ ಶಾಣ್ಯಾ ಐತಲ್ಲ" ಅಂತ ಅದರ ತಲೆ ಸವರಿದಳು. ಹಳೆಯದು ಎದ್ದು ನಿಲ್ಲುವಷ್ಟರಲ್ಲಿ ಫ್ಲಾಸ್ಕಿನ ಚಹಾ ಮುಗಿದಿತ್ತು. ಆದರೆ ಅದು ಕೊಟ್ಟ ಫೋಟೊದಲ್ಲಿ ನಕ್ಷತ್ರಗಳ ಸುತ್ತಲಿನ ನೀಲಿ ಮಂಜು ಎಳೆ ಎಳೆಯಾಗಿ ಬಂತು, ಮಷಿನ್ನಿನಲ್ಲಿ ಅದು ನೀಲಿ ಮಸಿ ಒರೆಸಿದ ಹಾಗಿತ್ತು. ಕೆಲಸ ಮುಗಿಸಿ ಬಂದ ದಣಿವಿನಲ್ಲಿ ಒಂದು ತಾಸು ಆಕಾಶ ಸಿಗುವವರಿಗೆ, ಭಾರ ಎತ್ತಲಾರದವರಿಗೆ, ಶಾಲೆಯ ಅಂಗಳದಲ್ಲಿ ಐವತ್ತು ಮಕ್ಕಳಿಗೆ ಒಟ್ಟಿಗೆ ತೋರಿಸುವವರಿಗೆ ಮಷಿನ್ ಒಳ್ಳೆಯದು. ತಪ್ಪಾದಾಗ ಅದು ಎಲ್ಲಿ ತಪ್ಪಿತು ಅಂತ ಹುಡುಕಿ ತಿದ್ದುವ ಹಟ ಇದ್ದವರಿಗೆ ಹಳೆಯದು ಒಳ್ಳೆಯದು. ನನಗೆ ಎರಡೂ ಬೇಕು. ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಾದ ಸ್ವಯಂವರ ಇದಲ್ಲ.

ಇನ್ನು ಉದ್ದ ತಲೆಯ ರಹಸ್ಯ. ಧೂಮಕೇತುವಿನ ತಲೆ ಉದ್ದವಿಲ್ಲ. ಅದು ಸರಿಯುತ್ತಿತ್ತು. ನಿಲ್ಲಿಸಿರಿ ಅಂತ ನಾನು ಹೇಳಿದೆ, ನೀವು ತಡಿ ಅಂದಿರಿ. ಸೈಂಟಿಫಿಕ್ ಆಗಿ ಬರಿ ಅಂದಿದ್ದಿರಲ್ಲ, ಇದಕ್ಕಿಂತ ಸೈಂಟಿಫಿಕ್ ನನಗೆ ಬರೆಯಲು ಬರುವುದಿಲ್ಲ. ಈ ಸುಳ್ಳು ಈಗ ಮಸ್ಕಿಯ ಒಂದು ಶಾಲೆಯ ಗೋಡೆಯ ಮೇಲಿದೆ. ಸಲ್ಮಾ ಖರೆ ಹೇಳಿ ಬೈಸಿಕೊಂಡಿದ್ದಾಳೆ. ಅವಳ ಫೋಟೊದಲ್ಲಿ ತಲೆ ದುಂಡಗಿದೆ. ಮೊದಲು ಅದನ್ನು ತೋರಿಸಬೇಕು, ಆಮೇಲೆ ನಮ್ಮದನ್ನು.

ನೀವು ಕೆಟ್ಟವರಲ್ಲ. ಅದು ಗೊತ್ತಿರುವುದರಿಂದಲೇ ಇಷ್ಟು ಸಿಟ್ಟು ಬಂದಿದೆ. ನನಗೆ ಟೆಲಿಸ್ಕೋಪ್ ಕೊಟ್ಟಿರಿ, ಆಕಾಶ ಮಾತ್ರ ನೀವೇ ಇಟ್ಟುಕೊಂಡಿರಿ. ಮೊನ್ನೆ ಅತ್ತೆಮ್ಮನಿಗೆ "ಮಸ್ಕಿಗೆ ಹೊಂಟೀನಿ, ನಾಕೈದು ದಿನ" ಅಂತ ಹೇಳಿ ಬಂದೆ. ಅವರು ಒಂದು ಕ್ಷಣ ನೋಡಿದರು, ರೊಟ್ಟಿ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಮಷಿನ್ ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ನನಗೆ ಒಳಗೊಳಗೇ ನಗು. ಮದುವೆಯ ದಿನವೂ ಇಷ್ಟು ನಕ್ಕಿರಲಿಲ್ಲ! ಇನ್ನು ಮೇಲೆ ಮಾಳಿಗೆ ಹತ್ತುವಾಗ ನಾನು ಯಾರನ್ನೂ ಕೇಳುವುದಿಲ್ಲ. ಥಂಡಿ ಆದರೆ ಸ್ವೆಟರ್ ಇದೆ. ನೀವೂ ಬನ್ನಿರಿ. ಆಂಡ್ರೊಮಿಡಾ ಎಲ್ಲಿದೆ ಅಂತ ಬರಿಗಣ್ಣಿಗೆ ತೋರಿಸುತ್ತೇನೆ, ಅದಕ್ಕೆ ಆ್ಯಪ್ ಬೇಕಾಗಿಲ್ಲ.

ಇವತ್ತು ಬೆಳಿಗ್ಗೆ ವಿಜ್ಞಾನ ಕೂಟದ ಅಲ್ಲಾಭಕ್ಷ್ ಸರ್ ಅವರಿಗೆ ಫೋನ್ ಮಾಡಿದೆ. ಭಾನುವಾರ ಮಾತಾಡುವವರು ಗುರುಬಸವ ಅಲ್ಲ, ನಾನು ಮತ್ತು ಸಲ್ಮಾ ಅಂದೆ. ಅವರು ಗಾಬರಿಯಾಗಿ, "ಬ್ಯಾನರ್ ಪ್ರಿಂಟ್ ಆಗೇತ್ರಿ ಮೇಡಂ" ಅಂದರು. "ಬ್ಯಾನರ್ ಮಾತಾಡಂಗಿಲ್ಲಲ್ರಿ ಸರ್" ಅಂದೆ. ಅದಕ್ಕವರು, "ಸಾಹೇಬ್ರಿಗೆ ಗೊತ್ತೈತೇನ್ರಿ?" ಅಂತ ಕೇಳಿದರು. ನಾಳೆ ಗೊತ್ತಾಗುತ್ತದೆ ಅಂದೆ.

ಈಗ ಗೊತ್ತಾಯಿತಲ್ಲ. ನಾವಿಬ್ಬರೂ ಭಾನುವಾರ ಬಸ್ಸಿಳಿದು ನೇರ ಸಭೆಗೇ ಬರುತ್ತೇವೆ. ನೀವು ಅತ್ತೆಮ್ಮನನ್ನು ಕರೆದುಕೊಂಡು ಸ್ವಲ್ಪ ಮೊದಲೇ ಬನ್ನಿರಿ. ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಿಡಿಯಬೇಡಿರಿ. ಅದರಲ್ಲಿ ನೀವು ಕೂಡಬೇಕು.

ನಿಮ್ಮ
ಅನುಪಮಾ